ಇಳಿದ ಮೇಲಿನ ಹತ್ತು ಮೈಲಿ

ಬಂಗಾರಪೇಟೆ ಜಂಕ್ಷನ್ನಿಗೆ ರೈಲ್ವೆಯವರು ಇಟ್ಟಿರುವ ಸಂಕೇತಾಕ್ಷರ ಬಿಡಬ್ಲ್ಯುಟಿ. ಟಿಕೆಟ್ಟಿನ ಮೇಲೆ ಇದನ್ನು ಮೊದಲ ಸಲ ಕಂಡವರಿಗೆ ಬಂಗಾರಪೇಟೆಯೊಳಗೆ ‘ಡಬ್ಲ್ಯು’ ಎಲ್ಲಿಂದ ಬಂತು ಅನ್ನಿಸುವುದು ಸಹಜ. ಅದು ಬೌರಿಂಗ್‌ಪೇಟೆಯ ಉಳಿಕೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್ ಹೆಸರಿನ ಪೇಟೆ ಇದು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಬೌರಿಂಗ್ ಕೂಡ ಇವರೇ. ಜನರ ಬಾಯಲ್ಲಿ ಬೌರಿಂಗ್ ಬಂಗಾರವಾಯಿತು. ಪಕ್ಕದಲ್ಲೇ ಚಿನ್ನ ಅಗೆಯುತ್ತಿದ್ದುದರಿಂದ ಹೊಸ ಹೆಸರು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಆದರೆ ಬೌರಿಂಗ್‌ಪೇಟೆಗೂ ಮುಂಚೆ ಆ ನಿಲ್ದಾಣಕ್ಕೆ ಇನ್ನೊಂದು ಹೆಸರಿತ್ತು: ಕೋಲಾರ್ ರೋಡ್. 1864ರ ಆಗಸ್ಟಿನಲ್ಲಿ ಮದ್ರಾಸ್ ರೈಲ್ವೆ ಜೋಲಾರಪೇಟೆಯಿಂದ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದಾಗ ಕೋಲಾರದ ಊರೊಳಗೆ ಬರಲಿಲ್ಲ. ಹತ್ತು ಮೈಲಿ ಆಚೆಯೇ ಹಾದುಹೋಯಿತು. ಅಲ್ಲೊಂದು ನಿಲ್ದಾಣ ಕಟ್ಟಿ, ಕೋಲಾರಕ್ಕೆ ಹೋಗುವವರು ಇಲ್ಲಿ ಇಳಿಯಬೇಕು ಎಂದು ಹೇಳಲು ‘ರೋಡ್’ ಸೇರಿಸಿದರು. ರೈಲ್ವೆಯ ಭಾಷೆಯಲ್ಲಿ ಈ ‘ರೋಡ್’ ಎಂಬ ಬಾಲಂಗೋಚಿಗೆ ಖಚಿತವಾದ ಅರ್ಥವಿದೆ. ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದವರು ಕುಕ್ಕೆಯಲ್ಲಿರುವುದಿಲ್ಲ. ಮಂತ್ರಾಲಯಂ ರೋಡಿನಲ್ಲಿ ಇಳಿದವರಿಗೆ ರಾಯರ ಮಠ ಕಾಣುವುದಿಲ್ಲ. ನಮ್ಮ ಜವಾಬ್ದಾರಿ ಇಲ್ಲಿಗೆ ಮುಗಿಯಿತು, ಇನ್ನುಳಿದ ದಾರಿ ನಿಮ್ಮದು ಎಂದು ರೈಲು ಹೇಳುವ ಮಾತು ಅದು.

ಆ ಇನ್ನುಳಿದ ದಾರಿಯ ಚರಿತ್ರೆಯನ್ನು ನಮ್ಮಲ್ಲಿ ಬರೆದಿರುವುದು ಕಡಿಮೆ. ರೈಲು ಯಾವಾಗ ಬಂತು, ವಿಮಾನ ಯಾವಾಗ ಹಾರಿತು ಎಂಬುದಕ್ಕೆಲ್ಲ ದಾಖಲೆಗಳಿವೆ. ಇಳಿದ ಮೇಲೆ ಜನ ಮನೆಗೆ, ಕೆಲಸಕ್ಕೆ, ಪೇಟೆಗೆ ಹೇಗೆ ಹೋದರು ಎಂಬುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಇವತ್ತು ದೊಡ್ಡ ನಗರದ ವಿಮಾನ ನಿಲ್ದಾಣದಲ್ಲಿ ಇಳಿದವರ ಮುಂದೆ ಟ್ಯಾಕ್ಸಿ, ಬಸ್ಸು, ರೈಲು, ಮೆಟ್ರೋ ಎಂಬ ಪಟ್ಟಿ ಇರುತ್ತದೆ, ‘ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ’ ಎಂದು. ನಾನು ಹುಟ್ಟಿ ಬೆಳೆದದ್ದು ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸ್ ಮಗ್ಗುಲಲ್ಲಿ. ಅಲ್ಲಿಂದ ನೋಡಿದರೆ ಆರಿಸಿಕೊಳ್ಳುವ ಕೆಲಸ ನಿಲ್ದಾಣದ ಬಾಗಿಲಲ್ಲಿ ನಡೆಯುವಂತೆ ಕಾಣುವುದಿಲ್ಲ. ಯಾರಿಗಾಗಿ ದಾರಿ ಹಾಕಬೇಕು ಎಂದು ಯಾರೋ ತೀರ್ಮಾನಿಸಿದ ದಿನವೇ ಅದು ಮುಗಿದಿರುತ್ತದೆ. ಈ ಮಾತಿಗೆ ನಮ್ಮೂರಿನ ಎರಡು ರೈಲು ದಾರಿಗಳೇ ಸಾಕ್ಷಿ. ಒಂದು ಗಣಿಗೆ ಹೋಯಿತು. ಇನ್ನೊಂದು, ಯಾರೂ ಯೋಚಿಸದೆ ಇದ್ದಾಗಲೇ, ಬೆಂಗಳೂರಿನ ವಿಮಾನ ನಿಲ್ದಾಣದ ಬೇಲಿಯ ಪಕ್ಕಕ್ಕೆ ಹೋಗಿ ಕೂತಿತ್ತು.

ಗಾಡಿಯ ಕಾಲ

ಈ ನೆಲದಲ್ಲಿ ಚಿನ್ನವಿದೆ ಎಂಬುದು ರೈಲಿಗಿಂತ ಹಳೆಯ ಸುದ್ದಿ. ಟಿಪ್ಪು ಸೋತ ಮೇಲೆ, 1802ರಲ್ಲಿ ಮೈಸೂರಿನ ಗಡಿ ಗುರುತಿಸಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಊರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ವರದಿ ಬರೆದ. ಆಮೇಲೆ ಎಪ್ಪತ್ತು ವರ್ಷ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲ್ಯಾವೆಲ್ ಆ ವರದಿ ಓದಿ ಬಂದು ನೋಡಿದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಅಗೆಯುವ ಹಕ್ಕು ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದ್ದೇ.

ಲ್ಯಾವೆಲ್ ಮೊದಲ ಸಲ ಬೆಂಗಳೂರಿನಿಂದ ಇಲ್ಲಿಗೆ ಎತ್ತಿನ ಗಾಡಿಯಲ್ಲಿ ಬಂದ ಎಂದು ನಮ್ಮ ಕಡೆ ಹೇಳುವ ರೂಢಿ. ರೈಲು ಓಡಲು ಶುರುವಾಗಿ ಆಗಲೇ ಏಳೆಂಟು ವರ್ಷವಾಗಿದ್ದರೂ ಅವನು ಗಾಡಿ ಕಟ್ಟಿಸಿದ್ದೇಕೆ ಎಂದು ಚಿಕ್ಕಂದಿನಲ್ಲಿ ನಾವು ಕೇಳುತ್ತಿದ್ದೆವು. ನೆಲ ನೋಡಬೇಕಾದವನಿಗೆ ಗಾಡಿಯ ವೇಗವೇ ಸರಿ ಎಂದು ಈಗ ತೋರುತ್ತದೆ. ಗಂಟೆಗೆ ಎರಡು ಎರಡೂವರೆ ಮೈಲಿ ಹೋಗುವ ಗಾಡಿಯಲ್ಲಿ ಕೂತವನು ಬೇಕಾದ ಕಡೆ ಇಳಿದು ಕಲ್ಲು ಎತ್ತಿ ನೋಡಬಹುದು. ವಾಹನವನ್ನು ನಿಜವಾಗಿ ತನ್ನ ಕೆಲಸಕ್ಕೆ ತಕ್ಕಂತೆ ಆರಿಸಿಕೊಂಡವರು ನಮ್ಮೂರಿನ ಚರಿತ್ರೆಯಲ್ಲಿ ಯಾರಾದರೂ ಇದ್ದರೆ ಆ ಒಬ್ಬನೇ ಇರಬೇಕು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮೊದಲ ಕೆಲವು ವರ್ಷ ಹಾಕಿದ ಹಣ ಮಣ್ಣುಪಾಲಾಗುವಂತೆಯೇ ಇತ್ತು. ಮೈಸೂರು ಮೈನಿನಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಶ್ರೀಮಂತವಾದ ಅದಿರಿನ ಪಟ್ಟಿಯನ್ನು ಮುಟ್ಟಿದ ಮೇಲೆ ಎಲ್ಲವೂ ಬದಲಾಯಿತು. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಸಾಲಾಗಿ ಎದ್ದವು. ಈಗ ಸಾಮಾನು ಬೇಕಾಯಿತು. ಬಾಯ್ಲರು, ಅದಿರು ಕುಟ್ಟುವ ಯಂತ್ರ, ಪಂಪು, ಕಬ್ಬಿಣದ ಹಗ್ಗ, ಎಲ್ಲವೂ ಇಂಗ್ಲೆಂಡಿನಿಂದ ಹಡಗಿನಲ್ಲಿ ಮದ್ರಾಸಿಗೆ, ಮದ್ರಾಸಿನಿಂದ ರೈಲಿನಲ್ಲಿ ಬೌರಿಂಗ್‌ಪೇಟೆಗೆ ಬಂದು ಇಳಿಯುತ್ತಿದ್ದವು. ಆರೇಳು ಸಾವಿರ ಮೈಲಿ ಬಂದ ಯಂತ್ರಕ್ಕೆ ಕೊನೆಯ ಹತ್ತು ಮೈಲಿ ಎತ್ತಿನ ಹೆಗಲೇ ಗತಿ.

ಖಾಲಿ ಗಾಡಿಗೆ ಆ ದಾರಿ ನಾಲ್ಕೈದು ಗಂಟೆಯದು. ಬಾಯ್ಲರ್ ಹೇರಿದ ಗಾಡಿಗೆ, ಮಳೆಗಾಲದ ಕೆಸರಿನಲ್ಲಿ, ಎಷ್ಟು ಹೊತ್ತೆಂದು ಹೇಳುವ ಹಾಗೇ ಇಲ್ಲ. ಈ ಕಷ್ಟ ಕೋಲಾರದ ಗಣಿಗಷ್ಟೇ ಇದ್ದದ್ದಲ್ಲ. ಮುಂದೆ ಇದೇ ಗಣಿಗೆ ಕರೆಂಟು ಕೊಡಲೆಂದು ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟಿದಾಗಲೂ ಹಡಗಿನಲ್ಲಿ ಬಂದ ಯಂತ್ರಗಳನ್ನು ಮದ್ದೂರು ರೈಲು ನಿಲ್ದಾಣದಿಂದ ಕಾವೇರಿ ದಂಡೆಗೆ ಎಳೆದದ್ದು ಆನೆ ಮತ್ತು ಎತ್ತುಗಳು. ಹೊಸ ಕಾಲ ನಮ್ಮಲ್ಲಿಗೆ ಬಂದದ್ದೆಲ್ಲ ಹೀಗೇ: ಮುಕ್ಕಾಲು ದಾರಿ ಹಬೆಯ ಮೇಲೆ, ಕೊನೆಯ ಕಾಲು ದಾರಿ ಹಳೆಯ ಗಾಡಿಯ ಮೇಲೆ.

ಸಾಮಾನಿನ ಜೊತೆ ಜನರೂ ಬಂದರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ತಮಿಳು, ತೆಲುಗು ಮಾತಾಡುವ ಕುಟುಂಬಗಳು, ಬಹುಪಾಲು ದಲಿತರು, ಊರಿನ ಜೀತ ಮತ್ತು ಬರ ಎರಡನ್ನೂ ಬಿಟ್ಟು ಬಂದರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿ ಕೆಲಸ ಗೊತ್ತಿದ್ದವರು ಬಂದರು, ಇಟಲಿಯವರು ಬಂದರು. ನಿಲ್ದಾಣದಲ್ಲಿ ಎಲ್ಲರೂ ಇಳಿದದ್ದು ಒಂದೇ ರೈಲಿನಿಂದ. ಆದರೆ ಮುಂದಿನ ಹತ್ತು ಮೈಲಿಗೆ ಸಾಹೇಬರಿಗೆ ಕುದುರೆ ಅಥವಾ ಜಟಕಾ, ಮೇಸ್ತ್ರಿಗೆ ಗಾಡಿ, ಕೂಲಿಯವರಿಗೆ ಕಾಲು. ಮಕ್ಕಳನ್ನು ಸೊಂಟದ ಮೇಲೆ, ಪಾತ್ರೆಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದು ಬಂದ ಕತೆ ನಮ್ಮ ಸಾಲುಮನೆಗಳ ಎಷ್ಟೋ ಕುಟುಂಬಗಳಲ್ಲಿದೆ. ರೈಲಿನೊಳಗೆ ಮೂರು ದರ್ಜೆ ಇತ್ತಷ್ಟೆ. ರೈಲಿನಿಂದ ಇಳಿದ ಮೇಲೆ ಇನ್ನೂ ಹೆಚ್ಚು ದರ್ಜೆಗಳಿದ್ದವು.

ಚಿನ್ನಕ್ಕೆ ಹಾಕಿದ ಕಂಬಿ

1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಹತ್ತು ಮೈಲಿಯ ಕವಲು ದಾರಿ ತೆರೆಯಿತು. ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಮೈಸೂರು ಸಂಸ್ಥಾನ ತನ್ನ ಹಣದಲ್ಲಿ ಕಂಬಿ ಹಾಕಿಸಿತು, ಮದ್ರಾಸ್ ರೈಲ್ವೆ ಗಾಡಿ ಓಡಿಸಿತು. ಗಣಿಯಿಂದ ಬರುತ್ತಿದ್ದ ರಾಜಧನ ಸಂಸ್ಥಾನದ ಖಜಾನೆಗೆ ಸಣ್ಣ ಮೊತ್ತವಾಗಿರಲಿಲ್ಲ. ಆ ಹತ್ತು ಮೈಲಿ ಕಂಬಿ ಅದಕ್ಕೆ ಪ್ರತಿಯಾಗಿ ಮಾಡಿಕೊಟ್ಟ ಅನುಕೂಲ.

ಆ ದಾರಿಯ ನಿಲ್ದಾಣಗಳ ಹೆಸರನ್ನು ಒಮ್ಮೆ ಓದಿ ನೋಡಿ: ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಹೆಚ್ಚಿನವು ಗಣಿಗಳ ಹೆಸರುಗಳೇ. ಪೇಟೆಯಿರುವುದು ರಾಬರ್ಟ್‌ಸನ್‌ಪೇಟೆಯಲ್ಲಿ, ಸಂತೆ ವ್ಯಾಪಾರ ಎಲ್ಲ ಅಲ್ಲೇ. ಆದರೆ ಆ ಹೆಸರಿನ ನಿಲ್ದಾಣ ಈ ದಾರಿಯಲ್ಲಿ ಇಲ್ಲ. ಕಂಬಿ ಜನ ಎಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋಗಲಿಲ್ಲ. ಬಾವಿಯ ಬಾಯಿ ಎಲ್ಲಿದೆಯೋ ಅಲ್ಲಿಗೆ ಹೋಯಿತು. ಬಾವಿ ಎಂದರೆ ನಮ್ಮಲ್ಲಿ ನೀರಿನ ಬಾವಿಯಲ್ಲ, ಶಾಫ್ಟು. ಕಲ್ಲಿದ್ದಲು, ಸೌದೆ, ಮರದ ದಿಮ್ಮಿ, ಯಂತ್ರದ ಬಿಡಿಭಾಗ ಒಳಕ್ಕೆ ಬರಬೇಕು, ಚಿನ್ನದ ಗಟ್ಟಿ ಹೊರಕ್ಕೆ ಹೋಗಬೇಕು. ಇದು ಕಂಬಿಯ ಕೆಲಸ. ಜನರನ್ನು ಹತ್ತಿಸಿಕೊಳ್ಳುವುದು ಅದರ ಜೊತೆಗೆ ಆದ ಕೆಲಸ.

1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ತಂತಿಯಲ್ಲಿ ಗಣಿಗೆ ವಿದ್ಯುತ್ ಬಂತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದು. ಬೆಂಗಳೂರಿನ ಬೀದಿಗಳಿಗೂ ಮೊದಲು ನಮ್ಮೂರಿನ ಗಣಿಗೆ ಕರೆಂಟು ಸಿಕ್ಕಿತು. ಹಬೆ ಯಂತ್ರದ ಜಾಗಕ್ಕೆ ಮೋಟಾರು ಬಂದ ಮೇಲೆ ಸೌದೆ, ಕಲ್ಲಿದ್ದಲಿನ ಹೇರು ಕಡಿಮೆಯಾಗಬೇಕಲ್ಲವೇ? ಕಂಬಿ ಮಾತ್ರ ಬರಿದಾಗಲಿಲ್ಲ. ಅಷ್ಟರಲ್ಲಿ ಜನ ಅದನ್ನು ತಮ್ಮದಾಗಿಸಿಕೊಂಡಿದ್ದರು. ಹಬ್ಬಕ್ಕೆ ಊರಿಗೆ ಹೋಗುವವರು, ಹೆಣ್ಣು ನೋಡಲು ಬರುವವರು, ಬಂಗಾರಪೇಟೆಯಿಂದ ತರಕಾರಿ ತಂದು ಮಾರುವ ಹೆಂಗಸರು, ಆಸ್ಪತ್ರೆಗೆ ಮದ್ರಾಸಿಗೆ ಹೋಗುವವರು, ಹೀಗೆ ಸಾಮಾನಿನ ದಾರಿ ಸಂಸಾರದ ದಾರಿಯೂ ಆಯಿತು.

ಆದರೆ ಗಣಿಯ ಕಾರ್ಮಿಕನಿಗೆ ದಿನನಿತ್ಯ ರೈಲಿನ ಅಗತ್ಯವಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅವನನ್ನು ಬಾವಿಯ ಬುಡದಲ್ಲೇ ಇರಿಸಿದ್ದರು. ಮೊದಲು ಬಿದಿರಿನ ತಟ್ಟಿಯ ಗುಡಿಸಲು, ಆಮೇಲೆ ಒಂದು ಕೋಣೆಯ ಸಾಲುಮನೆ. ನಾವು ಅದನ್ನು ಲೈನು ಎನ್ನುತ್ತಿದ್ದೆವು. ಸೈರನ್ ಕೂಗಿದರೆ ಕೇಳಿಸಬೇಕು, ಕೇಳಿದ ಮೇಲೆ ನಡೆದು ಬರಲು ಆಗಬೇಕು. ಲೈನಿನ ಜಾಗ ಆ ಲೆಕ್ಕದ್ದು. ದಿನಕ್ಕೆರಡು ಸಲ ಅವನು ಹತ್ತುತ್ತಿದ್ದ ವಾಹನ ಒಂದೇ, ಕೇಜು. ಕಬ್ಬಿಣದ ಆ ಪಂಜರ ನೆಟ್ಟಗೆ ಕೆಳಕ್ಕೆ ಹೋಗುತ್ತಿತ್ತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳವಾಗಿ, ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಅಲ್ಲಿ ಬಂಡೆಯೇ ಬಿಸಿ. ಮೇಲಿನಿಂದ ತಣ್ಣನೆಯ ಗಾಳಿ ಊದದೆ ಕೆಲಸ ಮಾಡಲಾಗದು. ಊರಿನ ಜನ ಮೈಲಿಗಟ್ಟಲೆ ಪ್ರಯಾಣ ಮಾಡಿದ್ದು ನಿಜ, ಆದರೆ ಮೇಲೆ ಕೆಳಗೆ ಮಾತ್ರ.

ಕಂಬಿ ದಿಕ್ಕು ಬದಲಿಸಿದ್ದು

1956ರಲ್ಲಿ ಗಣಿಗಳು ಮೈಸೂರು ರಾಜ್ಯದ ವಶಕ್ಕೆ, 1962ರಲ್ಲಿ ಕೇಂದ್ರದ ವಶಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. 1964ರಲ್ಲಿ ಹುಟ್ಟಿದ ಬೆಮೆಲ್ ಕಾರ್ಖಾನೆ ಊರಿಗೆ ಎರಡನೆಯ ಆಧಾರವಾಗಿ, ಮಾರಿಕುಪ್ಪಂ ದಾರಿಯಲ್ಲಿ ಬೆಮೆಲ್ ನಗರ ಎಂಬ ನಿಲ್ದಾಣವೂ ಬಂತು. ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತಾ ಆಳ ಹೆಚ್ಚಾಗುತ್ತಾ ಖರ್ಚು ಏರಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಿದರು.

ಮುಚ್ಚಿದ ಮೇಲೆ ಊರು ಖಾಲಿಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಜಗತ್ತಿನಲ್ಲಿ ಗಣಿ ಊರುಗಳು ಮುಗಿಯುವುದೇ ಹಾಗೆ. ಕೆ.ಜಿ.ಎಫ್. ಖಾಲಿಯಾಗಲಿಲ್ಲ. ಅದಕ್ಕೆ ಕಾರಣ ನನ್ನ ತಿಳಿವಳಿಕೆಯಲ್ಲಿ 1894ರ ಆ ಹತ್ತು ಮೈಲಿ ಕಂಬಿ. ಕಲ್ಲಿದ್ದಲು ತರಲೆಂದು ಹಾಕಿದ ದಾರಿಯಲ್ಲಿ ಈಗ ಜನ ಬೆಳಗಿನ ಕತ್ತಲೆಯಲ್ಲೇ ಬೆಂಗಳೂರಿಗೆ ಹೊರಟರು. ಮಾರಿಕುಪ್ಪಂನಲ್ಲಿ ಸೀಟು ಹಿಡಿದು, ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ, ದಂಡು ನಿಲ್ದಾಣ. ಗಾರ್ಮೆಂಟ್ಸಿಗೆ, ಅಂಗಡಿಗೆ, ಆಸ್ಪತ್ರೆಯ ನರ್ಸಿಂಗಿಗೆ, ಸಾಫ್ಟ್‌ವೇರಿಗೆ, ಸೆಕ್ಯುರಿಟಿ ಕೆಲಸಕ್ಕೆ. ಒಂದು ಕಡೆಗೆ ಎರಡು ಗಂಟೆಯ ಮೇಲೆ. ಬೋಗಿಯಲ್ಲೇ ತಿಂಡಿ, ಬೋಗಿಯಲ್ಲೇ ಇಸ್ಪೀಟು, ಭಜನೆ, ಪ್ರಾರ್ಥನೆ, ಜಗಳ, ಹುಟ್ಟುಹಬ್ಬ. ಈ ದಾರಿಯ ‘ಸ್ವರ್ಣ’ ರೈಲಿನ ಹೆಸರು ಹೇಳಿದರೆ ಸಾಕು, ನಮ್ಮೂರಿನ ಯಾವ ಮನೆಯಲ್ಲೂ ಒಂದು ಕತೆ ಸಿಗುತ್ತದೆ.

ಬಸ್ಸು ಇಲ್ಲವೇ? ಇದೆ. ಕೋಲಾರದ ಮೇಲೆ ಹೆದ್ದಾರಿಯಲ್ಲಿ ಹೋಗಬಹುದು. ಆದರೆ ತಿಂಗಳಿಡೀ ಓಡಾಡುವವನಿಗೆ ಬಸ್ಸಿನ ಟಿಕೆಟ್ಟಿಗೂ ರೈಲಿನ ಸೀಸನ್ ಪಾಸಿಗೂ ಇರುವ ಅಂತರ ಒಂದು ಸಂಸಾರದ ಅಕ್ಕಿ ಬೇಳೆಯಷ್ಟು. ಹಾಗಾಗಿ ಇಲ್ಲೂ ಆಯ್ಕೆ ಹೆಸರಿಗಷ್ಟೆ. ಈಚೆಗೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದ ಹತ್ತಿರ ಹಾದುಹೋಗಿದೆ. ಅಗಲವಾದ, ನುಣುಪಾದ ದಾರಿ. ಅದರಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ನಮ್ಮೂರಿನ ಹುಡುಗರ ಹತ್ತಿರ ಇರುವುದು ದ್ವಿಚಕ್ರ ವಾಹನ.

ಎರಡನೆಯ ಕಂಬಿ

ಬಂಗಾರಪೇಟೆಯಿಂದ ಇನ್ನೊಂದು ಕವಲು ಉತ್ತರಕ್ಕೆ ಹೋಗುತ್ತದೆ. ಅದರ ಚರಿತ್ರೆ ಬೇರೆ ಬಗೆಯದು. ಕೋಲಾರದ ಜನ ‘ಕೋಲಾರ್ ರೋಡ್’ನಲ್ಲಿ ಇಳಿದು ಹತ್ತು ಮೈಲಿ ಗಾಡಿಯಲ್ಲಿ ಹೋಗುವುದು 1864ರಿಂದ ಅರ್ಧ ಶತಮಾನ ನಡೆಯಿತು. ಗಣಿಗೆ ಮೂವತ್ತು ವರ್ಷದಲ್ಲಿ ಕಂಬಿ ಬಂತು. ಜಿಲ್ಲೆಯ ಮುಖ್ಯ ಊರಿಗೆ ಸುಮಾರು ಐವತ್ತು ವರ್ಷ ಬೇಕಾಯಿತು. 1913ರಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಸಣ್ಣ ಕಂಬಿ ತೆರೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರ ಮುಟ್ಟಿತು. ಆ ಕಡೆಯಿಂದ ಯಶವಂತಪುರ, ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ನಂದಿ ಮಾರ್ಗವಾಗಿ ಇನ್ನೊಂದು ಸಣ್ಣ ಕಂಬಿ ಬಂದು ಕೂಡಿಕೊಂಡಿತು.

ಈ ದಾರಿಗೆ ಚಿನ್ನದ ಆಸೆ ಇರಲಿಲ್ಲ. ಶಿಡ್ಲಘಟ್ಟದ ರೇಷ್ಮೆ, ಶ್ರೀನಿವಾಸಪುರದ ಮಾವು, ಚಿಕ್ಕಬಳ್ಳಾಪುರದ ಆಲೂಗಡ್ಡೆ, ನಂದಿಯ ಜಾತ್ರೆ. ಗಣಿಯ ಕಂಬಿ ಮೊದಲ ದಿನದಿಂದಲೇ ದೊಡ್ಡ ರೈಲಿನ ಅಳತೆಯದು, ಬಂದ ವ್ಯಾಗನ್ನು ನೇರವಾಗಿ ಬಾವಿಯ ಪಕ್ಕಕ್ಕೆ ಹೋಗಬೇಕಲ್ಲ. ರೈತರ ಕಂಬಿ ಸಣ್ಣ ಅಳತೆಯದು. ಬಂಗಾರಪೇಟೆಯಲ್ಲಿ ಸಣ್ಣ ರೈಲಿನಿಂದ ಇಳಿಸಿ ದೊಡ್ಡ ರೈಲಿಗೆ ಹೇರಬೇಕು. ಯಾರಿಗಾಗಿ ಎಂಬುದು ಕಂಬಿಯ ಅಗಲದಲ್ಲೇ ಕಾಣುತ್ತಿತ್ತು.

ಆಮೇಲೆ ಲಾರಿ, ಬಸ್ಸು ಬಂದವು. ನಿಧಾನವಾಗಿ ಓಡುವ ಸಣ್ಣ ರೈಲನ್ನು ಜನ ಮರೆತರು. 1990ರ ದಶಕದಲ್ಲಿ ಎರಡೂ ತುದಿಯಿಂದ ದೊಡ್ಡ ಕಂಬಿ ಹಾಕುವ ಕೆಲಸ ಆಗಿ, ನಡುವಿನ ಕೋಲಾರ–ಚಿಕ್ಕಬಳ್ಳಾಪುರ ಭಾಗ ಬಹಳ ಕಾಲ ರೈಲಿಲ್ಲದೆ ಉಳಿಯಿತು. 2013ರಲ್ಲಿ ಅದೂ ಮುಗಿದು, ಯಲಹಂಕದಿಂದ ಬಂಗಾರಪೇಟೆಯವರೆಗೆ ಸುಮಾರು 150 ಕಿಲೋಮೀಟರ್ ದಾರಿ ಮತ್ತೆ ಒಂದಾಯಿತು.

ಅಷ್ಟರಲ್ಲಿ ಆ ದಾರಿಯ ಪಕ್ಕದಲ್ಲಿ ಏನಾಗಿತ್ತು ಎಂಬುದು ಎಲ್ಲರಿಗೂ ಗೊತ್ತು. 2008ರ ಮೇ 24ರಂದು ದೇವನಹಳ್ಳಿಯ ಹತ್ತಿರ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ತೆರೆಯಿತು. ಊರೊಳಗಿದ್ದ ಎಚ್.ಎ.ಎಲ್. ನಿಲ್ದಾಣದಲ್ಲಿ ಸಾರ್ವಜನಿಕ ವಿಮಾನಗಳ ಓಡಾಟ ನಿಂತಿತು. ಹೊಸದು ನಗರದ ನಡುವಿನಿಂದ 35 ಕಿಲೋಮೀಟರ್ ದೂರ. ನಮ್ಮ ಹಳೆಯ ರೈಲ್ವೆ ಭಾಷೆಯಲ್ಲಿ ಹೇಳುವುದಾದರೆ ಅದು ಬೆಂಗಳೂರಲ್ಲ, ‘ಬೆಂಗಳೂರು ರೋಡ್’.

ಇಳಿದ ಮೇಲಿನ ದಾರಿಗೆ ಆಗ ಮಾಡಿದ ವ್ಯವಸ್ಥೆ ರಸ್ತೆ. ಹೆಬ್ಬಾಳದ ಮೇಲ್ಸೇತುವೆ, ಎತ್ತರಿಸಿದ ಹೆದ್ದಾರಿ, ಸಾದಹಳ್ಳಿಯ ಟೋಲು. ಕಾರಿನವರಿಗೆ ಕಾರು, ಟ್ಯಾಕ್ಸಿಯವರಿಗೆ ಟ್ಯಾಕ್ಸಿ, ಉಳಿದವರಿಗೆ ಬಿಎಂಟಿಸಿಯ ವಾಯುವಜ್ರ ಬಸ್ಸು. ವೇಗದ ಹೊಸ ರೈಲು ದಾರಿಯ ಯೋಜನೆಯೊಂದು ಹಲವು ವರ್ಷ ಕಾಗದದ ಮೇಲೆ ಓಡಿ ನಿಂತುಹೋಯಿತು. ಮೆಟ್ರೋದ ನೀಲಿ ಮಾರ್ಗ, ಉಪನಗರ ರೈಲಿನ ‘ಸಂಪಿಗೆ’ ಮಾರ್ಗ ಎಂಬ ಯೋಜನೆಗಳು ಬಂದವು. ಇಷ್ಟೆಲ್ಲ ಮಾತು ನಡೆಯುತ್ತಿದ್ದಾಗ, ನಿಲ್ದಾಣದ ಬೇಲಿಯ ಪಕ್ಕದಲ್ಲೇ ನೂರು ವರ್ಷದ ಕಂಬಿ ಇತ್ತು, ಅದರ ಮೇಲೆ ರೈಲೂ ಓಡುತ್ತಿತ್ತು. ನಿಲ್ಲುತ್ತಿರಲಿಲ್ಲ ಅಷ್ಟೆ. ದೇವನಹಳ್ಳಿ ಮತ್ತು ದೊಡ್ಡಜಾಲದ ನಡುವೆ ಒಂದು ಚಿಕ್ಕ ಹಾಲ್ಟ್ ಕಟ್ಟಿ, ಮೊದಲ ರೈಲು ನಿಲ್ಲಿಸಿದ್ದು 2021ರ ಜನವರಿ 4ರಂದು, ವಿಮಾನ ಹಾರಲು ಶುರುವಾಗಿ ಹನ್ನೆರಡು ವರ್ಷ ಕಳೆದ ಮೇಲೆ. ನಗರದಿಂದ ಟಿಕೆಟ್ಟು ಹತ್ತು ಹದಿನೈದು ರೂಪಾಯಿ. ಹಾಲ್ಟಿನಿಂದ ಟರ್ಮಿನಲ್ಲಿಗೆ ಬಸ್ಸು.

ಜನ ಮುಗಿಬಿದ್ದರೇ? ಇಲ್ಲ. ದಿನಕ್ಕೆ ಬೆರಳೆಣಿಕೆಯ ರೈಲುಗಳು. ವಿಮಾನಗಳು ಹಗಲು ರಾತ್ರಿ ಬರುತ್ತವೆ, ರೈಲು ತನ್ನ ಹೊತ್ತಿಗೆ ಬರುತ್ತದೆ. ಎರಡು ಗಂಟೆ ಕಾಯುವ ಬದಲು ಬಸ್ಸು ಹತ್ತುವುದೇ ವಾಸಿ ಎಂದು ಜನ ಹೋದರೆ, ನೋಡಿ, ರೈಲಿಗೆ ಬೇಡಿಕೆ ಇಲ್ಲ ಎಂಬ ಮಾತು ಬರುತ್ತದೆ. ಚೆನ್ನೈಯಲ್ಲಿ ಮೀನಂಬಾಕ್ಕಂ ವಿಮಾನ ನಿಲ್ದಾಣದ ಎದುರಿಗೆ ತಿರುಸೂಲಂ ಎಂಬ ಸ್ಥಳೀಯ ರೈಲಿನ ನಿಲ್ದಾಣವಿದೆ. ಅದೂ ವಿಶೇಷವಾಗಿ ವಿಮಾನದವರಿಗೆ ಹಾಕಿದ ದಾರಿಯಲ್ಲ, ತಾಂಬರಂನಿಂದ ಬೀಚಿಗೆ ಹೋಗುವ ಮಾಮೂಲಿ ಕಂಬಿ. ಆದರೆ ಅಲ್ಲಿ ಒಂದು ರೈಲು ತಪ್ಪಿದರೆ ಇನ್ನೊಂದು ಸ್ವಲ್ಪ ಹೊತ್ತಿಗೇ ಬರುತ್ತದೆ. ಜನ ರೈಲನ್ನು ಆರಿಸಿಕೊಳ್ಳುವುದು ಅಗ್ಗ ಎಂಬ ಒಂದೇ ಕಾರಣಕ್ಕಲ್ಲ, ಅದು ಬರುತ್ತದೆ ಎಂಬ ನಂಬಿಕೆಗೆ. ಲಂಡನ್ನಿನ ಹೀಥ್ರೋಗೆ 1977ರಲ್ಲಿ ಸುರಂಗ ರೈಲು ಮುಟ್ಟಿದಾಗಲೂ ಆದದ್ದು ಇದೇ: ಊರಿನ ದಿನನಿತ್ಯದ ರೈಲನ್ನೇ ಅಲ್ಲಿಯವರೆಗೆ ಎಳೆದರು.

ಹೊಸ ಲೈನುಗಳು

ವಿಮಾನ ನಿಲ್ದಾಣದ ಪ್ರಶ್ನೆ ಎಂದರೆ ಪ್ರಯಾಣಿಕನ ಪ್ರಶ್ನೆ ಎಂದೇ ನಾವು ತಿಳಿಯುತ್ತೇವೆ. ಆತ ವರ್ಷಕ್ಕೆ ನಾಲ್ಕು ಸಲ ಬರುತ್ತಾನೆ, ದುಬಾರಿಯಾದರೂ ಟ್ಯಾಕ್ಸಿ ಹತ್ತಿ ಹೋಗುತ್ತಾನೆ. ಅಲ್ಲಿ ಪ್ರತಿದಿನ ಬರುವವರು ಬೇರೆ ಇದ್ದಾರೆ: ಸರಕು ಎತ್ತುವವರು, ನೆಲ ಒರೆಸುವವರು, ಅಡುಗೆಯವರು, ಕಾವಲಿನವರು.

ನನ್ನ ಅಕ್ಕನ ಮಗ ಅಲ್ಲಿನ ಸರಕು ವಿಭಾಗದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ. ಅವನ ತಾತ ಮೈಸೂರು ಮೈನಿನಲ್ಲಿ ಕೇಜು ಹತ್ತಿದವರು. ಕೆಲಸ ಸಿಕ್ಕ ವಾರ ಮನೆಗೆ ಬಂದಾಗ ದಾರಿಯ ಲೆಕ್ಕ ಹಾಕಲು ಕೂತೆವು.

“ಮಾಮ, ಬೆಂಗಳೂರ್ ಮೇಲೆ ಹೋದ್ರೆ ರೈಲು ಎರಡೂವರೆ ಗಂಟೆ, ಆಮೇಲೆ ಬಸ್ಸು ಒಂದೂವರೆ. ಹೋಗ್ತಾ ನಾಲ್ಕು, ಬರ್ತಾ ನಾಲ್ಕು,” ಅಂದ.

“ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ ಮೇಲೆ ದೇವನಹಳ್ಳಿಗೆ ರೈಲು ಇದೆಯಲ್ಲಪ್ಪ. ಅದು ನೇರ ಅಲ್ಲೇ ಹೋಗುತ್ತೆ.”

“ಇದೆ ಮಾಮ. ನನ್ ಶಿಫ್ಟಿಗೆ ಇಲ್ಲ. ರಾತ್ರಿ ಹತ್ತಕ್ಕೆ ಬಿಟ್ರೆ ಯಾವ ರೈಲಿರುತ್ತೆ?”

“ಬೈಕಲ್ಲಿ?”

“ದಿನಾ ನೂರು ಕಿಲೋಮೀಟ್ರು ರಾತ್ರಿ ಹೊತ್ತು ಓಡ್ಸಿದ್ರೆ ಅಕ್ಕ ನಿದ್ದೆ ಮಾಡ್ತಾಳಾ?” ಅಕ್ಕ ಎಂದರೆ ಅವನ ತಂಗಿಯೋ ಅಕ್ಕನೋ ಅಲ್ಲ, ನನ್ನ ಅಕ್ಕ, ಅವನ ತಾಯಿ. ನಾನು ಕರೆಯುವುದು ಕೇಳಿ ಕೇಳಿ ಅವನೂ ಹಾಗೇ ಕರೆಯುತ್ತಾನೆ.

ಕೊನೆಗೆ ಅವನು ದೇವನಹಳ್ಳಿಯ ಕಡೆ ನಮ್ಮೂರಿನವರೇ ಆದ ಇನ್ನೂ ಐದು ಹುಡುಗರ ಜೊತೆ ಒಂದು ಮನೆ ಹಿಡಿದ. ಎರಡು ಕೋಣೆ, ಆರು ಚಾಪೆ, ಒಬ್ಬರ ಶಿಫ್ಟು ಮುಗಿದರೆ ಇನ್ನೊಬ್ಬರ ಶಿಫ್ಟು ಶುರು. ವಾರಕ್ಕೊಮ್ಮೆ ಊರಿಗೆ. ನಾನು ಹೋಗಿ ನೋಡಿದೆ. ಆ ಬೀದಿಯಲ್ಲಿ ಅಂಥ ಮನೆಗಳ ಸಾಲೇ ಇತ್ತು, ಬೇರೆ ಬೇರೆ ಜಿಲ್ಲೆಯ, ಬೇರೆ ಬೇರೆ ರಾಜ್ಯದ ಹುಡುಗರು. ವಿಮಾನ ಏರುವ ಸದ್ದು ಹತ್ತು ನಿಮಿಷಕ್ಕೊಮ್ಮೆ ತಲೆಯ ಮೇಲೆ. ನನಗೆ ಅದನ್ನು ಬೇರೆ ಹೆಸರಿನಿಂದ ಕರೆಯಲಾಗಲಿಲ್ಲ. ಅದು ಲೈನು. ಬಾವಿಯ ಬುಡದ ಸಾಲುಮನೆ.

ಗಣಿಯವರು ಕಾರ್ಮಿಕರನ್ನು ಬಾವಿಯ ಪಕ್ಕದಲ್ಲೇ ಇರಿಸಿದ್ದು ತಮ್ಮ ಅನುಕೂಲಕ್ಕೆ, ಅದನ್ನು ಮುಚ್ಚಿಟ್ಟಿರಲಿಲ್ಲ. ಬಾಡಿಗೆಯ ಚಿಂತೆಯಾದರೂ ಲೈನಿನವರಿಗೆ ಇಷ್ಟಿರಲಿಲ್ಲ. ಇಲ್ಲಿ ಯಾರೂ ಇರಿಸಿದ್ದಲ್ಲ. ಹುಡುಗರು ತಾವೇ ಆರಿಸಿಕೊಂಡರು ಎನ್ನಬೇಕು. ಊರು ಮತ್ತು ಕೆಲಸದ ನಡುವೆ ನೂರು ವರ್ಷದಿಂದ ಕಂಬಿ ಇದ್ದೂ, ಅದರ ಮೇಲೆ ಬೇಕಾದ ಹೊತ್ತಿಗೆ ರೈಲಿಲ್ಲ ಎಂಬ ಒಂದು ಕಾರಣಕ್ಕೆ ಮನೆಯನ್ನೇ ಬದಲಿಸುವುದನ್ನು ಆಯ್ಕೆ ಎಂದು ಕರೆಯುವುದಾದರೆ.

ಇದಕ್ಕೆ ಉತ್ತರ ಹುಡುಕಲು ಹೊಸ ತಂತ್ರಜ್ಞಾನವೇನೂ ಬೇಕಾಗಿಲ್ಲ. ಮಾರಿಕುಪ್ಪಂ ದಾರಿಯ ಚರಿತ್ರೆಯಲ್ಲೇ ಉತ್ತರವಿದೆ. ಅದನ್ನು ಜನರಿಗಾಗಿ ಹಾಕಿರಲಿಲ್ಲ, ಆದರೂ ಅದು ಜನರದಾಯಿತು. ಕೆಲಸದ ಹೊತ್ತಿಗೆ ಸರಿಯಾಗಿ ರೈಲು ಬಂತು, ಸೀಸನ್ ಪಾಸು ಕೈಗೆಟುಕಿತು, ಗಣಿ ಮುಚ್ಚಿದ ಊರೊಂದು ಬೀಗ ಹಾಕದೆ ಉಳಿಯಿತು. ದೇವನಹಳ್ಳಿಯ ಕಡೆಯ ಕಂಬಿ ಅದಕ್ಕಿಂತ ಹತ್ತೊಂಬತ್ತು ವರ್ಷ ಚಿಕ್ಕದು. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಇಷ್ಟು ಊರುಗಳ ಮಕ್ಕಳು ಅದರ ಎರಡೂ ಬದಿಯಲ್ಲಿದ್ದಾರೆ. ದೊಡ್ಡಜಾಲ, ನಂದಿ ಕಡೆಯ ಹಳೆಯ ಕಲ್ಲಿನ ನಿಲ್ದಾಣಗಳನ್ನು ಪಾರಂಪರಿಕ ಕಟ್ಟಡಗಳೆಂದು ಉಳಿಸಿಕೊಳ್ಳುವ ಪ್ರಯತ್ನ ನಡೆದಿದೆ, ಒಳ್ಳೆಯದೇ. ಆದರೆ ರೈಲು ನಿಲ್ದಾಣಕ್ಕೆ ಕೊಡಬಹುದಾದ ದೊಡ್ಡ ಗೌರವ ಸುಣ್ಣ ಬಣ್ಣವಲ್ಲ, ಬೆಳಿಗ್ಗೆ ಐದಕ್ಕೊಂದು, ರಾತ್ರಿ ಹತ್ತೂವರೆಗೊಂದು ರೈಲು.